ಸರ್‌ಪ್ಲಸ್ ಪಿಸ್ತೂಲು ಮದ್ದುಗುಂಡು ಕೊಳ್ಳುವ ಕ್ರಮ: ಲಾಟ್ ಓದುವುದು, ಕೇಸಿನ ಲೋಹ ತಿಳಿಯುವುದು

ಸೈನ್ಯದ ಅಥವಾ ಪೊಲೀಸ್ ಇಲಾಖೆಯ ಉಗ್ರಾಣದಲ್ಲಿ ವರ್ಷಗಟ್ಟಲೆ ಇದ್ದು, ಸಂಗ್ರಹದ ಅವಧಿ ಮುಗಿದದ್ದರಿಂದಲೋ, ಆ ಕ್ಯಾಲಿಬರಿನ (ಗುಂಡಿನ ಅಳತೆಯ) ಆಯುಧವನ್ನೇ ಸೇವೆಯಿಂದ ಕೈಬಿಟ್ಟದ್ದರಿಂದಲೋ, ಗುತ್ತಿಗೆಗಿಂತ ಹೆಚ್ಚು ತಯಾರಾದದ್ದರಿಂದಲೋ ಮಾರಾಟಕ್ಕೆ ಬರುವ ಮದ್ದುಗುಂಡನ್ನು ಸರ್‌ಪ್ಲಸ್ ಎಂದು ಕರೆಯುತ್ತಾರೆ. ಹೊಸ ಕಾರ್ಖಾನೆ ಮಾಲಿಗಿಂತ ಇದು ಅಗ್ಗವಾಗಿ ಸಿಗುವುದುಂಟು, ಮತ್ತು ಒಳ್ಳೆಯ ಲಾಟ್ (ಒಂದೇ ಸಲಕ್ಕೆ ಒಟ್ಟಿಗೆ ತಯಾರಾದ ಮಾಲು) ಸಿಕ್ಕಿದರೆ ಗುರಿ ಅಭ್ಯಾಸಕ್ಕೆ ಇದಕ್ಕಿಂತ ಲಾಭದ ಖರೀದಿ ಇಲ್ಲ. ಆದರೆ ಕೊಳ್ಳುವವರಲ್ಲಿ ಹೆಚ್ಚಿನವರು ಕ್ಯಾಲಿಬರ್ ಮತ್ತು ಬೆಲೆ ಎರಡನ್ನೇ ನೋಡುತ್ತಾರೆ, ಮೂರನೆಯದಾಗಿ ಕೇಸ್, ಅಂದರೆ ಮದ್ದನ್ನೂ ಗುಂಡನ್ನೂ ಹಿಡಿದಿಡುವ ಲೋಹದ ಕೊಳವೆ, ಹಿತ್ತಾಳೆಯದೋ ಉಕ್ಕಿನದೋ ಎಂದು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಎಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಲಾಟ್ ಯಾವುದು, ಅದು ಎಲ್ಲಿ ಹೇಗೆ ಇತ್ತು ಎಂಬುದು. ಒಂದೇ ಕಾರ್ಖಾನೆಯ, ಒಂದೇ ವರ್ಷದ, ಒಂದೇ ಲೋಹದ ಎರಡು ಪೆಟ್ಟಿಗೆಗಳಲ್ಲಿ ಒಂದು ನಿನ್ನೆ ತಯಾರಾದಂತೆ ಸಿಡಿಯಬಹುದು, ಇನ್ನೊಂದು ಮೂರಕ್ಕೊಂದು ಗುಂಡು ಕೈಕೊಡಬಹುದು. ವ್ಯತ್ಯಾಸ ಇರುವುದು ಅವು ಕಳೆದ ವರ್ಷಗಳಲ್ಲಿ.

ಮೊದಲಿಗೆ ಪರವಾನಗಿ ಮತ್ತು ಪಿಸ್ತೂಲಿನ ಗುರುತು

ಮದ್ದುಗುಂಡಿನ ಖರೀದಿ, ಸಾಗಣೆ, ಸಂಗ್ರಹದ ಮಿತಿ ಇವೆಲ್ಲ ಒಂದೊಂದು ದೇಶದಲ್ಲಿ ಒಂದೊಂದು ರೀತಿ ಇರುತ್ತವೆ. ಕೆಲವೆಡೆ ಪರವಾನಗಿಯಲ್ಲಿ ಬರೆದ ಕ್ಯಾಲಿಬರ್ ಬಿಟ್ಟು ಬೇರೆಯದನ್ನು ಒಂದು ಗುಂಡಿನಷ್ಟೂ ಇಟ್ಟುಕೊಳ್ಳುವಂತಿಲ್ಲ, ಕೆಲವೆಡೆ ವರ್ಷಕ್ಕೆ ಇಷ್ಟೇ ಎಂಬ ಮಿತಿ ಇದೆ, ಇನ್ನು ಕೆಲವೆಡೆ ಸೈನಿಕ ಕ್ಯಾಲಿಬರ್‌ಗಳನ್ನೇ ನಾಗರಿಕರಿಗೆ ನಿಷೇಧಿಸಲಾಗಿದೆ. ಬೆಲೆ ವಿಚಾರಿಸುವ ಮುನ್ನವೇ ನಿಮ್ಮ ಪರವಾನಗಿ ಪತ್ರವನ್ನು ತೆಗೆದು ಓದಿ, ಸಂಶಯವಿದ್ದರೆ ಪರವಾನಗಿ ಕೊಟ್ಟ ಕಚೇರಿಯಲ್ಲೇ ಕೇಳಿ, ಪರವಾನಗಿ ಹೊಂದಿದ ಮಾರಾಟಗಾರರಿಂದ ರಸೀದಿ ಸಮೇತವೇ ಕೊಳ್ಳಿ.

ಅನಂತರ ಪಿಸ್ತೂಲಿನ ನಳಿಗೆಯ ಮೇಲೆ ಕೆತ್ತಿರುವ ಕ್ಯಾಲಿಬರನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ‘9 ಮಿ.ಮೀ.’ ಎಂಬಷ್ಟೇ ಮಾಹಿತಿ ಅಪಾಯಕಾರಿ, ಏಕೆಂದರೆ ಆ ಹೆಸರಿನಡಿ ಹಲವು ಬೇರೆ ಬೇರೆ ಕಾರ್ಟ್ರಿಜ್‌ಗಳು, ಅಂದರೆ ಕೇಸ್, ಮದ್ದು, ಗುಂಡು ಸೇರಿದ ಇಡೀ ತೋಟಾಗಳು, ಇವೆ. ಇವುಗಳ ಹೆಸರಿನಲ್ಲಿ ಮೊದಲ ಅಂಕಿ ಗುಂಡಿನ ವ್ಯಾಸ, ಎರಡನೆಯದು ಕೇಸಿನ ಉದ್ದ. 1902ರಲ್ಲಿ ಜರ್ಮನಿಯಲ್ಲಿ ರೂಪುಗೊಂಡ 9×19 ಪ್ಯಾರಬೆಲಮ್, .380 ಎಸಿಪಿ ಎಂದೂ ಕರೆಯಲಾಗುವ 9×17, ಸೋವಿಯತ್ ಸೈನ್ಯದ 9×18 ಮಕರೋವ್, ಸ್ಪೇನಿನ 9×23 ಲಾರ್ಗೊ, ಇವೆಲ್ಲವೂ 9 ಮಿ.ಮೀ. ಎಂಬ ಹೆಸರಿನಲ್ಲೇ ಮಾರಾಟವಾಗುತ್ತವೆ. ಮಕರೋವ್ ಗುಂಡಿನ ವ್ಯಾಸ ಸುಮಾರು 9.27 ಮಿ.ಮೀ., ಪ್ಯಾರಬೆಲಮ್ಮಿನದು ಸುಮಾರು 9.02 ಮಿ.ಮೀ.; ಕಣ್ಣಿಗೆ ಕಾಣದ ಈ ಕಾಲು ಮಿಲಿಮೀಟರಿನ ಅಂತರ ನಳಿಗೆಯೊಳಗೆ ದೊಡ್ಡ ವಿಷಯ. ಇನ್ನೂ ನಾಜೂಕಾದ ಜೋಡಿ 7.63 ಮೌಸರ್ ಮತ್ತು 7.62×25 ಟೋಕರೆವ್. ಇವೆರಡರ ಅಳತೆ ಎಷ್ಟು ಹತ್ತಿರವೆಂದರೆ ಹಳೆಯ ಮೌಸರ್ ಪಿಸ್ತೂಲಿನೊಳಗೆ ಟೋಕರೆವ್ ಗುಂಡು ಸಲೀಸಾಗಿ ಕೂರುತ್ತದೆ, ಆದರೆ ಟೋಕರೆವ್ ಗುಂಡಿನ ಒತ್ತಡ ಹೆಚ್ಚು, ಆ ಪಿಸ್ತೂಲು ಅದಕ್ಕಾಗಿ ಮಾಡಿದ್ದಲ್ಲ. ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಗೂಡಿನಲ್ಲಿ, ಕೂತಿತು ಎಂಬುದು ಹೊಂದಿತು ಎಂಬುದಕ್ಕೆ ಸಾಕ್ಷಿಯಲ್ಲ.

ಸರ್‌ಪ್ಲಸ್ಸಿನಲ್ಲಿ ಮತ್ತೂ ಒಂದು ಎಚ್ಚರ ಬೇಕು. ಸೈನ್ಯಗಳು ಪಿಸ್ತೂಲಿನ ಕ್ಯಾಲಿಬರನ್ನೇ ಸಬ್‌ಮಷೀನ್ ಗನ್ನಿಗೂ ಬಳಸುತ್ತವೆ, ಮತ್ತು ಕೆಲವು ಲಾಟ್‌ಗಳನ್ನು ಆ ಭಾರಿ ಬೋಲ್ಟಿನ ಆಯುಧಗಳಿಗೆಂದೇ ಹೆಚ್ಚು ಬಿರುಸಾಗಿ ತುಂಬಲಾಗಿರುತ್ತದೆ. ಇಂಥವನ್ನು ಪೆಟ್ಟಿಗೆಯ ಬರಹದಿಂದಲೋ, ಗುಂಡಿನ ತುದಿಗೆ ಬಳಿದ ಬಣ್ಣದಿಂದಲೋ ಗುರುತಿಸಿರುತ್ತಾರೆ. ತುದಿಗೆ ಬಣ್ಣವಿರುವ ಯಾವುದೇ ಸೈನಿಕ ಗುಂಡಿನ ಅರ್ಥ ನಿಮಗೆ ಖಚಿತವಾಗಿ ತಿಳಿಯದಿದ್ದರೆ ಅದನ್ನು ಕೊಳ್ಳಬೇಡಿ. ಬಣ್ಣ ಬಳಿದದ್ದು ಅಲಂಕಾರಕ್ಕಲ್ಲ. ನ್ಯಾಟೋ ಮಾನಕಕ್ಕೆ ತಯಾರಾದ 9×19 ಗುಂಡಿನ ಹಿಂಬದಿಯಲ್ಲಿ ವೃತ್ತದೊಳಗೆ ಕೂಡು ಗುರುತು ಇರುತ್ತದೆ. ಇದು ಸಾಮಾನ್ಯ ವಾಣಿಜ್ಯ ಗುಂಡಿಗಿಂತ ಒಂದಿಷ್ಟು ಬಿರುಸು. ಇಂದಿನ ಗಟ್ಟಿಮುಟ್ಟಾದ ಪಿಸ್ತೂಲುಗಳಿಗೆ ತೊಂದರೆಯಿಲ್ಲ, ನೂರು ವರ್ಷದ ಸಂಗ್ರಹದ ಪಿಸ್ತೂಲಿಗೆ ಬೇಡ.

ಲಾಟ್ ಓದುವುದು

ಮಾರಾಟಗಾರರನ್ನು ಮೂರು ವಿಷಯ ಕೇಳಿ: ಯಾವ ದೇಶದ ಯಾವ ಕಾರ್ಖಾನೆ, ಯಾವ ವರ್ಷ, ಮತ್ತು ಮಾಲು ಮೂಲ ಮೊಹರಿನ ಡಬ್ಬಿಯಲ್ಲೇ ಇದೆಯೇ ಅಥವಾ ಬಿಚ್ಚಿ ಮತ್ತೆ ಕಟ್ಟಿದ್ದೇ. ಮೊದಲ ಎರಡಕ್ಕೆ ಉತ್ತರ ಕಾರ್ಟ್ರಿಜ್ಜಿನ ಹಿಂಬದಿಯಲ್ಲೇ ಒತ್ತಿರುತ್ತದೆ. ಇದನ್ನು ಹೆಡ್‌ಸ್ಟಾಂಪ್ ಎನ್ನುತ್ತಾರೆ. ಸೈನಿಕ ಮಾಲಿನಲ್ಲಿ ಸಾಮಾನ್ಯವಾಗಿ ಕಾರ್ಖಾನೆಯ ಸಂಕೇತ ಒಂದೆಡೆ, ವರ್ಷದ ಕೊನೆಯ ಎರಡು ಅಂಕಿ ಇನ್ನೊಂದೆಡೆ ಇರುತ್ತವೆ, ಕ್ಯಾಲಿಬರಿನ ಹೆಸರು ಇರಲೇಬೇಕೆಂದಿಲ್ಲ. ಸೋವಿಯತ್ ಕಾರ್ಖಾನೆಗಳು ಹೆಸರಿನ ಬದಲು ಅಂಕಿಯನ್ನೇ ಒತ್ತುತ್ತಿದ್ದವು: 17 ಎಂದರೆ ಬರ್ನಾಉಲ್, 188 ಎಂದರೆ ನೊವೊಸಿಬಿರ್ಸ್ಕ್, 270 ಎಂದರೆ ಲುಹಾನ್ಸ್ಕ್, 539 ಎಂದರೆ ತೂಲಾ. ಇಂಥ ಸಂಕೇತಗಳ ಪಟ್ಟಿಯನ್ನು ಸಂಗ್ರಾಹಕರು ವಿವರವಾಗಿ ಮಾಡಿಟ್ಟಿದ್ದಾರೆ. ಮಾರಾಟಗಾರರು ಹೇಳಿದ್ದು ಮತ್ತು ಹೆಡ್‌ಸ್ಟಾಂಪ್ ಹೇಳುವುದು ತಾಳೆಯಾಗದಿದ್ದರೆ ಅಲ್ಲಿಗೇ ಮಾತು ನಿಲ್ಲಿಸಿ.

ಡಬ್ಬಿಯ ಸಂಗತಿ ಹೆಡ್‌ಸ್ಟಾಂಪಿಗಿಂತ ಮುಖ್ಯ. ಸೈನಿಕ ಮದ್ದುಗುಂಡನ್ನು ತಗಡಿನ ಡಬ್ಬಿಯಲ್ಲಿ ಗಾಳಿಯಾಡದಂತೆ ಬೆಸೆದು, ಆ ಡಬ್ಬಿಗಳನ್ನು ಮರದ ಪೆಟ್ಟಿಗೆಯಲ್ಲಿ ಇಟ್ಟು ಕಳುಹಿಸುವ ಕ್ರಮ ಪೂರ್ವ ಯುರೋಪಿನ ದೇಶಗಳಲ್ಲಿ ದಶಕಗಳ ಕಾಲ ಇತ್ತು. ಡಬ್ಬಿಯ ಮೊಹರು ಒಡೆಯದಿದ್ದರೆ ಅರ್ಧ ಶತಮಾನ ಹಳೆಯ ಗುಂಡೂ ನಂಬಿಕೆಗೆ ಅರ್ಹ. ಡಬ್ಬಿಯ ಅಂಚಿನ ಬೆಸುಗೆಯ ಮೇಲೆ ಬೆರಳಾಡಿಸಿ ನೋಡಿ: ತುಕ್ಕು ಮೇಲ್ಮೈಯಲ್ಲಿ ಮಾತ್ರ ಇದ್ದರೆ ಚಿಂತೆಯಿಲ್ಲ, ಸೂಜಿಮೊನೆಯಷ್ಟು ತೂತು ಕಂಡರೂ ಒಳಗಿನ ಮಾಲನ್ನು ಬಿಡಿ ಮಾಲೆಂದೇ ಭಾವಿಸಬೇಕು. ಡಬ್ಬಿಯ ಮೇಲೆ ಬರೆದಿರುವ ಗುಂಡಿನ ಲಾಟ್, ಮದ್ದಿನ ಲಾಟ್, ವರ್ಷ ಇವುಗಳ ಫೋಟೊ ತೆಗೆದುಕೊಳ್ಳಿ. ದೂರದಿಂದ ಕೊಳ್ಳುತ್ತಿದ್ದರೆ ಆ ಫೋಟೊ ಕಳುಹಿಸಲು ಕೇಳಿ. ಕಳುಹಿಸಲು ಹಿಂಜರಿಯುವವರಿಂದ ಕೊಳ್ಳುವುದು ಬೇಡ.

ಚೀಲದಲ್ಲೋ ಪ್ಲಾಸ್ಟಿಕ್ ಡಬ್ಬದಲ್ಲೋ ಸುರಿದು ‘ಬಗೆಬಗೆಯ ಸೈನಿಕ ಮಾಲು’ ಎಂದು ಮಾರುವುದನ್ನು ಎಷ್ಟೇ ಅಗ್ಗವಾದರೂ ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಅದರಲ್ಲಿ ಹತ್ತು ಲಾಟ್‌ಗಳು ಬೆರೆತಿರುತ್ತವೆ, ಒಂದನ್ನು ಪರೀಕ್ಷಿಸಿದರೆ ಇನ್ನೊಂದರ ಬಗ್ಗೆ ಏನೂ ತಿಳಿಯುವುದಿಲ್ಲ, ಮತ್ತು ಯಾರೋ ಮನೆಯಲ್ಲಿ ಮರುತುಂಬಿದ ಗುಂಡುಗಳು ಅದರೊಳಗೆ ಸೇರಿಕೊಂಡಿರುವ ಸಂಭವ ಯಾವಾಗಲೂ ಇದೆ. ಮರುತುಂಬಿದ್ದನ್ನು ಪತ್ತೆ ಹಚ್ಚುವ ಗುರುತುಗಳಿವೆ. ಸೈನಿಕ ಗುಂಡಿನ ಪ್ರೈಮರಿನ (ಏಟು ಬಿದ್ದಾಗ ಸಿಡಿದು ಮದ್ದಿಗೆ ಕಿಡಿ ಹಚ್ಚುವ ಸಣ್ಣ ಬಟ್ಟಲಿನ) ಸುತ್ತ ಅಂಚನ್ನು ಒಳಕ್ಕೆ ಒತ್ತಿ ಬಿಗಿಗೊಳಿಸಿರುತ್ತಾರೆ, ಮೇಲೆ ಕೆಂಪು, ಹಸಿರು ಅಥವಾ ನೇರಳೆ ಬಣ್ಣದ ಮೆರುಗೆಣ್ಣೆಯ ಉಂಗುರವಿರುತ್ತದೆ. ಸೈನಿಕ ಹೆಡ್‌ಸ್ಟಾಂಪ್ ಇದ್ದು ಈ ಎರಡೂ ಕಾಣದಿದ್ದರೆ, ಜೊತೆಗೆ ಹಿಂಬದಿಯ ಅಂಚಿನಲ್ಲಿ ಎಕ್ಸ್‌ಟ್ರ್ಯಾಕ್ಟರ್ (ಖಾಲಿ ಕೇಸನ್ನು ಹೊರಗೆಳೆಯುವ ಕೊಕ್ಕೆ) ಕಚ್ಚಿದ ಗೀರು ಇದ್ದರೆ, ಆ ಕೇಸ್ ಈಗಾಗಲೇ ಒಮ್ಮೆ ಹಾರಿದ್ದು ಎಂದು ತಿಳಿಯಿರಿ.

ಪ್ರೈಮರ್: ಬರ್ಡನ್, ಬಾಕ್ಸರ್, ಮತ್ತು ತುಕ್ಕು ತರುವ ಉಪ್ಪು

ಕೇಸಿನ ಲೋಹದ ಚರ್ಚೆಯಲ್ಲಿ ಮುಳುಗಿ ಪ್ರೈಮರನ್ನು ಮರೆಯುವವರೇ ಹೆಚ್ಚು. ಪಿಸ್ತೂಲು ಹಾಳಾಗುವುದು ಬಹುತೇಕ ಅದರಿಂದಲೇ. ಎರಡನೆಯ ಮಹಾಯುದ್ಧದ ಕಾಲದ ಮತ್ತು ಪೂರ್ವ ಯುರೋಪಿನಲ್ಲಿ ಅನಂತರವೂ ತಯಾರಾದ ಬಹುಪಾಲು ಸೈನಿಕ ಪ್ರೈಮರುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ದೀರ್ಘಕಾಲ ಕೆಡದೆ ಉಳಿಯುತ್ತದೆ ಎಂಬುದೇ ಸೈನ್ಯಗಳು ಅದನ್ನು ಮೆಚ್ಚಲು ಕಾರಣ. ಆದರೆ ಉರಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪಾಗಿ ನಳಿಗೆಯ ಒಳಮೈ ಮೇಲೆ ಕೂರುತ್ತದೆ, ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಮತ್ತು ತೇವದ ದಿನಗಳಲ್ಲಿ ರಾತ್ರಿ ಕಳೆಯುವುದರೊಳಗೆ ಉಕ್ಕನ್ನು ತಿನ್ನಲು ತೊಡಗುತ್ತದೆ.

ಈ ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಆದ್ದರಿಂದ ನಳಿಗೆಗೆ ಎಷ್ಟು ಎಣ್ಣೆ ಸುರಿದರೂ ಉಪ್ಪಿನ ಮೇಲೆ ಎಣ್ಣೆಯ ಪದರ ಕಟ್ಟಿದಂತಾಯಿತೇ ಹೊರತು ಉಪ್ಪು ಹೋಗಲಿಲ್ಲ. ಗುಂಡು ಹಾರಿಸಿದ ದಿನವೇ ಪಿಸ್ತೂಲನ್ನು ಖಾಲಿ ಮಾಡಿ, ಬಿಚ್ಚಿ, ನಳಿಗೆ, ಚೇಂಬರು, ಸ್ಲೈಡಿನ (ನಳಿಗೆಯ ಮೇಲೆ ಹಿಂದೆ ಮುಂದೆ ಸರಿಯುವ ಭಾಗದ) ಮುಖ, ಎಕ್ಸ್‌ಟ್ರ್ಯಾಕ್ಟರಿನ ಸಂದು ಎಲ್ಲವನ್ನೂ ಬಿಸಿನೀರಿನಿಂದ ತೊಳೆದು, ಸಂಪೂರ್ಣ ಒರೆಸಿ ಒಣಗಿಸಿ, ಆಮೇಲೆ ಎಂದಿನಂತೆ ದ್ರಾವಣ ಮತ್ತು ಎಣ್ಣೆಯಿಂದ ಶುಚಿಮಾಡಬೇಕು. ಅಮೋನಿಯಾ ಬೆರೆಸಿದ ನೀರೇ ಬೇಕು, ಅದು ಉಪ್ಪನ್ನು ನಿಷ್ಫಲಗೊಳಿಸುತ್ತದೆ ಎಂಬ ಮಾತು ಬಹಳ ಹರಡಿದೆ. ಕೆಲಸ ಮಾಡುವುದು ನೀರು; ಉಪ್ಪಿನ ಮಟ್ಟಿಗೆ ಅಮೋನಿಯಾದಿಂದ ಹೆಚ್ಚಿನ ಉಪಯೋಗವೇನೂ ಇಲ್ಲ. ಮಾರಾಟಗಾರರು ‘ತುಕ್ಕು ತರುವುದಿಲ್ಲ’ ಎಂದು ಬರೆದಿದ್ದರೂ ಹಳೆಯ ಸೈನಿಕ ಮಾಲನ್ನು ತುಕ್ಕು ತರುವುದೆಂದೇ ಭಾವಿಸಿ ತೊಳೆದರೆ ನಷ್ಟವಾಗುವುದು ಅರ್ಧ ಗಂಟೆ ಮಾತ್ರ.

ಪ್ರೈಮರಿನ ರಚನೆಯಲ್ಲಿ ಎರಡು ಬಗೆ. ಬಾಕ್ಸರ್ ಪ್ರೈಮರಿನಲ್ಲಿ ಅಡಿಗಲ್ಲು, ಅಂದರೆ ಏಟು ಬಿದ್ದಾಗ ಸಿಡಿಯುವ ಮಿಶ್ರಣ ಯಾವುದಕ್ಕೆ ಒತ್ತಿ ಜಜ್ಜಲ್ಪಡುತ್ತದೋ ಆ ಗಟ್ಟಿ ಮೊನೆ, ಪ್ರೈಮರಿನೊಳಗೇ ಇರುತ್ತದೆ, ಕೇಸಿನ ತಳದ ನಡುವೆ ಒಂದೇ ತೂತು. ಬರ್ಡನ್ ಬಗೆಯಲ್ಲಿ ಅಡಿಗಲ್ಲು ಕೇಸಿನದೇ ಭಾಗ, ಅದರ ಅಕ್ಕಪಕ್ಕ ಎರಡು ಸಣ್ಣ ತೂತುಗಳು. ಎರಡೂ ಹುಟ್ಟಿದ್ದು 1860ರ ದಶಕದಲ್ಲಿ. ಬಾಕ್ಸರ್ ಬ್ರಿಟಿಷ್ ಅಧಿಕಾರಿ, ಬರ್ಡನ್ ಅಮೆರಿಕನ್, ಆದರೆ ಅಮೆರಿಕ ಬಾಕ್ಸರನ್ನು ಹಿಡಿದುಕೊಂಡಿತು, ಯುರೋಪಿನ ಸೈನ್ಯಗಳು ಬರ್ಡನ್ನನ್ನು. ಹಾರಿಸಿ ಬಿಡುವವರಿಗೆ ಇದರಿಂದ ವ್ಯತ್ಯಾಸವಿಲ್ಲ. ಮರುತುಂಬುವ ಹವ್ಯಾಸದವರಿಗೆ ಮಾತ್ರ ಇದೇ ನಿರ್ಣಾಯಕ, ಏಕೆಂದರೆ ಬರ್ಡನ್ ಪ್ರೈಮರನ್ನು ಸಾಮಾನ್ಯ ಸಲಕರಣೆಯಿಂದ ಹೊರತಳ್ಳಲು ಆಗುವುದಿಲ್ಲ. ಒಂದು ಖಾಲಿ ಕೇಸಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಒಂದು ತೂತೋ ಎರಡೋ ಎಂದು ಕ್ಷಣದಲ್ಲಿ ತಿಳಿಯುತ್ತದೆ.

ಸೈನಿಕ ಪ್ರೈಮರುಗಳ ಬಟ್ಟಲು ಸಾಮಾನ್ಯವಾಗಿ ಗಡುಸು, ಅದರಲ್ಲೂ ಸಬ್‌ಮಷೀನ್ ಗನ್ನಿಗೆಂದು ಮಾಡಿದ್ದಾದರೆ. ಸ್ಪರ್ಧೆಗಾಗಿ ಹ್ಯಾಮರ್ ಸ್ಪ್ರಿಂಗನ್ನು ಮೃದುಗೊಳಿಸಿದ ಪಿಸ್ತೂಲಿನಲ್ಲಿ ಅವು ಮೊದಲ ಏಟಿಗೆ ಸಿಡಿಯದೆ ಹೋಗುವುದು ಲಾಟಿನ ದೋಷವಲ್ಲ, ಜೋಡಿಯ ದೋಷ.

ಹಿತ್ತಾಳೆ, ಉಕ್ಕು, ಅಲ್ಯೂಮಿನಿಯಂ

ಕೇಸ್ ಏನು ಕೆಲಸ ಮಾಡುತ್ತದೆ ಎಂದು ತಿಳಿದರೆ ಲೋಹದ ಆಯ್ಕೆ ತಾನಾಗಿ ಅರ್ಥವಾಗುತ್ತದೆ. ಮದ್ದು ಉರಿದಾಗ ಕೇಸಿನ ಗೋಡೆ ಹಿಗ್ಗಿ ಚೇಂಬರಿನ ಗೋಡೆಗೆ ಅಂಟಿಕೊಂಡು ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯಬೇಕು. 9×19ರಲ್ಲಿ ಆ ಗರಿಷ್ಠ ಒತ್ತಡಕ್ಕೆ ಯುರೋಪಿನ ಮಾನಕ 2350 ಬಾರ್ ಎಂದು ಮಿತಿ ಹಾಕಿದೆ. ಒತ್ತಡ ಇಳಿದ ಮರುಕ್ಷಣ ಅದೇ ಗೋಡೆ ಕೂದಲೆಳೆಯಷ್ಟು ಕುಗ್ಗಿ ಚೇಂಬರನ್ನು ಬಿಡಬೇಕು, ಇಲ್ಲದಿದ್ದರೆ ಎಕ್ಸ್‌ಟ್ರ್ಯಾಕ್ಟರ್ ಅದನ್ನು ಎಳೆಯಲಾರದು. ಬೇಗ ಹಿಗ್ಗುವುದು, ತಕ್ಷಣ ಕುಗ್ಗುವುದು, ಈ ಎರಡು ಗುಣ ಒಟ್ಟಿಗೆ ಇರುವ ಲೋಹ ಬೇಕು.

ನೂರರಲ್ಲಿ 70 ಪಾಲು ತಾಮ್ರ, 30 ಪಾಲು ಸತು ಬೆರೆತ ಹಿತ್ತಾಳೆಯಲ್ಲಿ ಈ ಎರಡೂ ಗುಣ ಚೆನ್ನಾಗಿ ಕೂಡಿಬಂದಿವೆ. ಚೇಂಬರನ್ನು ಬಿಗಿಯಾಗಿ ಮುಚ್ಚುತ್ತದೆ, ಸಲೀಸಾಗಿ ಹೊರಬರುತ್ತದೆ, ಎಕ್ಸ್‌ಟ್ರ್ಯಾಕ್ಟರಿಗಿಂತ ಮೆದುವಾದ್ದರಿಂದ ಅದನ್ನು ಸವೆಸುವುದಿಲ್ಲ, ಕೆಂಪು ತುಕ್ಕು ಹಿಡಿಯುವುದಿಲ್ಲ, ಬಾಕ್ಸರ್ ಪ್ರೈಮರಿನದಾದರೆ ಹಲವು ಸಲ ಮರುತುಂಬಬಹುದು. ಬೆಲೆ ಹೆಚ್ಚು ಎಂಬುದನ್ನು ಬಿಟ್ಟರೆ ಅದರ ವಿರುದ್ಧ ಹೇಳಬೇಕಾದದ್ದು ಒಂದೇ, ಮತ್ತು ಹಳೆಯ ಮಾಲು ಕೊಳ್ಳುವವರು ಅದನ್ನು ತಿಳಿದಿರಲೇಬೇಕು.

ಬ್ರಿಟಿಷ್ ಸೈನ್ಯ ಭಾರತದಲ್ಲಿದ್ದ ಕಾಲದಲ್ಲಿ, ಮಳೆಗಾಲ ಬಂತೆಂದರೆ ಉಗ್ರಾಣದಲ್ಲಿಟ್ಟ ಹಿತ್ತಾಳೆಯ ತೋಟಾಗಳು ಯಾರೂ ಮುಟ್ಟದೆಯೇ ಬಿರುಕು ಬಿಡುತ್ತಿದ್ದವು. ಕಾಲಕ್ಕೆ ಸರಿಯಾಗಿ ಬರುತ್ತಿದ್ದರಿಂದ ಅದಕ್ಕೆ ಋತುಬಿರುಕು ಎಂಬರ್ಥದ ಹೆಸರೇ ಬಿತ್ತು. 1921ರಲ್ಲಿ ಇಂಗ್ಲೆಂಡಿನ ಮೂವರು ಲೋಹಶಾಸ್ತ್ರಜ್ಞರು ಕಾರಣವನ್ನು ಬಿಡಿಸಿ ಹೇಳಿದರು: ಮದ್ದುಗುಂಡನ್ನು ಇಡುತ್ತಿದ್ದದ್ದು ಕುದುರೆ ಲಾಯಗಳಲ್ಲಿ, ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ಮಳೆಗಾಲದ ತೇವದೊಡನೆ ಸೇರಿ, ಒತ್ತಿ ಆಕಾರ ಕೊಡುವಾಗ ಹಿತ್ತಾಳೆಯೊಳಗೆ ಉಳಿದುಹೋದ ಬಿಗಿತವನ್ನು ಆಸರೆ ಮಾಡಿಕೊಂಡು ಲೋಹವನ್ನು ಸೀಳುತ್ತಿತ್ತು. ಹಾಗಾಗಿಯೇ ಹಳೆಯ ಹಿತ್ತಾಳೆ ಗುಂಡನ್ನು ಪರೀಕ್ಷಿಸುವಾಗ ಕೇಸಿನ ಬಾಯಿಯ ಕಡೆಗೆ, ಗುಂಡನ್ನು ಕಚ್ಚಿ ಹಿಡಿದಿರುವ ಭಾಗಕ್ಕೆ, ಭೂತಕನ್ನಡಿ ಹಿಡಿಯಬೇಕು. ಉದ್ದುದ್ದಕ್ಕೆ ಕೂದಲಿನಂಥ ಕಪ್ಪು ಗೆರೆ ಕಂಡರೆ, ಉಗುರಿನಿಂದ ಅಡ್ಡ ಗೀರಿದಾಗ ಉಗುರು ತಡೆದರೆ, ಅದು ಗೀರಲ್ಲ, ಬಿರುಕು. ಹಾಗೆಯೇ ಹಳೆಯ ಗುಂಡಿಗೆ ಹೊಳಪು ಕೊಡಲೆಂದು ಅಮೋನಿಯಾ ಇರುವ ಹಿತ್ತಾಳೆ ಪಾಲಿಷನ್ನು ಎಂದೂ ಹಚ್ಚಬಾರದು.

ಉಕ್ಕಿನ ಕೇಸ್ ಹುಟ್ಟಿದ್ದು ತಾಮ್ರದ ಅಭಾವದಿಂದ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ 9×19ಕ್ಕೆ ಮೆರುಗೆಣ್ಣೆ ಬಳಿದ ಉಕ್ಕಿನ ಕೇಸ್ ಬಳಸಿತು, ಅಮೆರಿಕ .45 ಎಸಿಪಿಗೆ ಉಕ್ಕನ್ನು ಬಳಸಿತು, ಸೋವಿಯತ್ ಒಕ್ಕೂಟ ಅದನ್ನೇ ಶಾಶ್ವತ ಕ್ರಮ ಮಾಡಿಕೊಂಡಿತು. ಉಕ್ಕು ಹಿತ್ತಾಳೆಯಷ್ಟು ಸುಲಭವಾಗಿ ಹಿಗ್ಗುವುದಿಲ್ಲ, ಆದ್ದರಿಂದ ಚೇಂಬರನ್ನು ಅಷ್ಟು ಬಿಗಿಯಾಗಿ ಮುಚ್ಚುವುದಿಲ್ಲ, ಸ್ವಲ್ಪ ಮಸಿ ಕೇಸಿನ ಸುತ್ತ ಹಿಂದಕ್ಕೆ ಸರಿದು ಚೇಂಬರಿನಲ್ಲಿ ಕೂರುತ್ತದೆ. ನೂರಾರು ಉಕ್ಕಿನ ಗುಂಡು ಹಾರಿಸಿ, ಚೇಂಬರ್ ಒರೆಸದೆ, ತಕ್ಷಣ ಹಿತ್ತಾಳೆಯದನ್ನು ಹಾಕಿದರೆ ಆ ಹಿತ್ತಾಳೆ ಮಸಿಯ ಮೇಲೆ ಬಿಗಿಯಾಗಿ ಹಿಗ್ಗಿ ಸಿಕ್ಕಿಕೊಳ್ಳುವುದುಂಟು. ಬಿಸಿಗೆ ಮೆರುಗೆಣ್ಣೆ ಕರಗಿ ಅಂಟುತ್ತದೆ ಎಂದು ದೂರುವವರು ಬಹಳ ಮಂದಿ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ, ಚೇಂಬರಿನಿಂದ ಬ್ರಷ್ ಹೊರತೆಗೆಯುವುದು ಬಹುತೇಕ ಮಸಿಯನ್ನೇ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಚೇಂಬರಿಗೆ ಬ್ರಷ್ ಹಾಕಿದರೆ ಈ ತೊಂದರೆಯೇ ಇಲ್ಲ.

ಉಕ್ಕಿನ ಕೇಸ್ ಎಲ್ಲ ಪಿಸ್ತೂಲಿಗೂ ಒಂದೇ ರೀತಿ ಹೊಂದುವುದಿಲ್ಲ ಎಂಬುದು ನಿಜ. 9×19 ಕೇಸ್ ಬುಡದಲ್ಲಿ ಸುಮಾರು 9.93 ಮಿ.ಮೀ., ಬಾಯಲ್ಲಿ 9.65 ಮಿ.ಮೀ. ಇದ್ದು ತುಸು ಮೊನಚಾಗಿದೆ, ಆದ್ದರಿಂದ ಒಂದಿಷ್ಟು ಸಡಿಲವಾದೊಡನೆ ಪೂರ್ತಿ ಬಿಡಿಸಿಕೊಳ್ಳುತ್ತದೆ. ನೇರ ಗೋಡೆಯ .45 ಎಸಿಪಿಗೆ ಆ ಅನುಕೂಲವಿಲ್ಲ. ಮಕರೋವ್, ಟೋಕರೆವ್ ಪಿಸ್ತೂಲುಗಳು ಉಕ್ಕಿನ ಕೇಸನ್ನು ಸಲೀಸಾಗಿ ತಿನ್ನುತ್ತವೆ. ಬಿಗಿ ಚೇಂಬರಿನ ಸ್ಪರ್ಧಾ ಪಿಸ್ತೂಲಿಗೆ ಉಕ್ಕು ಬೇಡ. ಎಕ್ಸ್‌ಟ್ರ್ಯಾಕ್ಟರ್ ಬಿಡಿಭಾಗ ಸಿಗದ ಹಳೆಯ ಪಿಸ್ತೂಲಿಗಂತೂ ಬೇಡವೇ ಬೇಡ. ಉಳಿದವರಿಗೆ ಮೂಲ ಡಬ್ಬಿಯ ಉಕ್ಕಿನ ಲಾಟ್, ಬಿಡಿಯಾಗಿ ಬಿದ್ದಿದ್ದ ಹಿತ್ತಾಳೆಯ ಲಾಟಿಗಿಂತ ಉತ್ತಮ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ನಳಿಗೆಯನ್ನು ಸವೆಸುವ ಆರೋಪವನ್ನು ಉಕ್ಕಿನ ಕೇಸಿನ ಮೇಲೆ ಹೊರಿಸುವುದು ತಪ್ಪು. ಕೇಸ್ ನಳಿಗೆಯೊಳಗೆ ಹೋಗುವುದೇ ಇಲ್ಲ. ಸವೆತವೇನಾದರೂ ಇದ್ದರೆ ಅದು ತೆಳು ತಾಮ್ರದ ಪದರದ ಕೆಳಗೆ ಮೆದು ಉಕ್ಕಿರುವ ಗುಂಡಿನ ಹೊದಿಕೆಯಿಂದ, ಮತ್ತು ಪಿಸ್ತೂಲಿನ ವೇಗದಲ್ಲಿ ಅದಕ್ಕೂ ಬಹಳ ಕಾಲ ಹಿಡಿಯುತ್ತದೆ.

ಅಲ್ಯೂಮಿನಿಯಂ ಕೇಸ್ ಹೆಚ್ಚಾಗಿ ವಾಣಿಜ್ಯ ಅಭ್ಯಾಸದ ಮಾಲಿನಲ್ಲಿ ಕಾಣುತ್ತದೆ, ಸೈನಿಕ ಸರ್‌ಪ್ಲಸ್ಸಿನಲ್ಲಿ ಅಪರೂಪ. ಹಗುರ, ಕೆಂಪು ತುಕ್ಕಿಲ್ಲ, ಮರುತುಂಬಲು ಯೋಗ್ಯವಲ್ಲ, ಬಾಯಿಯ ಹಿಡಿತ ಹಿತ್ತಾಳೆಯಷ್ಟು ಗಟ್ಟಿಯಲ್ಲದ್ದರಿಂದ ಒಂದೇ ಗುಂಡನ್ನು ಚೇಂಬರಿಗೆ ಹಾಕಿ ತೆಗೆದು ಮಾಡುವುದು ಒಳ್ಳೆಯದಲ್ಲ. ನಿಕಲ್ ಲೇಪದ ಹಿತ್ತಾಳೆ ಪೊಲೀಸ್ ಸರ್‌ಪ್ಲಸ್ಸಿನಲ್ಲಿ ಸಿಗುತ್ತದೆ. ಚರ್ಮದ ಪಟ್ಟಿಯಲ್ಲಿ ಇಟ್ಟ ಬರಿ ಹಿತ್ತಾಳೆ ಕಿಲುಬು ಹಿಡಿಯುವುದರಿಂದ ಲೇಪ ಕೊಡುವ ವಾಡಿಕೆ ಬಂತು. ಜಾರಿಕೆ ಚೆನ್ನಾಗಿದೆ, ಮರುತುಂಬಿದಾಗ ಮಾತ್ರ ಬಾಯಿ ಬೇಗ ಸೀಳುತ್ತದೆ.

ಅಯಸ್ಕಾಂತದಿಂದ ಲೋಹ ತಿಳಿಯುವುದು

ಬಣ್ಣ ನೋಡಿ ಲೋಹ ನಿರ್ಧರಿಸಬೇಡಿ, ಏಕೆಂದರೆ ಹಿತ್ತಾಳೆಯ ಅಥವಾ ತಾಮ್ರದ ತೆಳು ಲೇಪವಿರುವ ಉಕ್ಕಿನ ಕೇಸ್ ಹಿತ್ತಾಳೆಯಂತೆಯೇ ಹೊಳೆಯುತ್ತದೆ. ಸಣ್ಣ ಅಯಸ್ಕಾಂತವನ್ನು ಮೊದಲು ಕೇಸಿನ ನಡುಭಾಗಕ್ಕೆ, ಆಮೇಲೆ ಬೇರೆಯಾಗಿ ಗುಂಡಿನ ತುದಿಗೆ ಹಿಡಿಯಿರಿ. ಕೇಸ್ ಗಟ್ಟಿಯಾಗಿ ಅಂಟಿದರೆ ಉಕ್ಕು. ನಿಕಲ್ ಕೂಡ ಅಯಸ್ಕಾಂತಕ್ಕೆ ಸೆಳೆಯಲ್ಪಡುವ ಲೋಹವೇ ಆದ್ದರಿಂದ ಲೇಪದ ಕೇಸಿನಲ್ಲಿ ಅತಿ ಮಂದವಾದ ಸೆಳೆತ ಕಂಡರೆ ಗಾಬರಿ ಬೇಡ. ಗುಂಡಿನ ತುದಿ ಅಂಟಿದರೆ ಹೊದಿಕೆಯಲ್ಲಿ ಉಕ್ಕಿದೆ ಎಂದರ್ಥ, ಒಳಗೆ ಉಕ್ಕಿನ ತಿರುಳೂ ಇರಬಹುದು, ಇಲ್ಲದಿರಲೂಬಹುದು. ಅಯಸ್ಕಾಂತ ಅದನ್ನು ಬೇರ್ಪಡಿಸಿ ಹೇಳಲಾರದು. ಬಹಳಷ್ಟು ಶೂಟಿಂಗ್ ರೇಂಜ್‌ಗಳು ಅಯಸ್ಕಾಂತಕ್ಕೆ ಅಂಟುವ ಗುಂಡನ್ನು ಒಳಗೆ ಬಿಡುವುದಿಲ್ಲ, ಏಕೆಂದರೆ ತಡೆಗೋಡೆ ಹಾಳಾಗುತ್ತದೆ, ಕಿಡಿ ಹಾರುತ್ತದೆ. ಉಕ್ಕಿನ ಖಾಲಿ ಕೇಸ್ ಹಿತ್ತಾಳೆಯ ಗುಜರಿಯೊಂದಿಗೆ ಬೆರೆಯುತ್ತದೆ ಎಂದು ಅದನ್ನೂ ನಿಷೇಧಿಸುವವರಿದ್ದಾರೆ. ಕೊಳ್ಳುವ ಮುನ್ನ ನೀವು ಹೋಗುವ ರೇಂಜಿನ ನಿಯಮ ಕೇಳಿಕೊಳ್ಳಿ. ಹಾರಿಸಲು ಜಾಗವಿಲ್ಲದ ಅಗ್ಗದ ಗುಂಡು ಅಗ್ಗವಲ್ಲ.

ನಿಜವಾದ ಬೆಲೆ

ಪೆಟ್ಟಿಗೆಯ ಬೆಲೆಗೆ ಸಾಗಣೆ, ತೆರಿಗೆ ಕೂಡಿಸಿ, ಅದನ್ನು ಹಾರಬಲ್ಲ ಗುಂಡುಗಳ ಸಂಖ್ಯೆಯಿಂದ ಭಾಗಿಸಿ. ಹಾರಬಲ್ಲ ಎಂಬ ಪದ ಮುಖ್ಯ: ಸಾವಿರಕ್ಕೆ ಐವತ್ತು ಕೆಟ್ಟಿದ್ದರೆ ಭಾಗಿಸಬೇಕಾದದ್ದು 950ರಿಂದ. ಮರುತುಂಬುವವರಾದರೆ, ಬಾಕ್ಸರ್ ಪ್ರೈಮರಿನ ಹಿತ್ತಾಳೆಯಲ್ಲಿ ಖಾಲಿ ಕೇಸಿನ ಬೆಲೆಯನ್ನು ಕಳೆಯಬಹುದು. ಆದರೆ ನೆಲದಲ್ಲಿ ಕಳೆದುಹೋಗುವುದನ್ನೂ, ಸೈನಿಕ ಪ್ರೈಮರಿನ ಬಿಗಿ ಅಂಚನ್ನು ತೆಗೆಯುವ ಶ್ರಮವನ್ನೂ ಲೆಕ್ಕಕ್ಕೆ ಹಿಡಿಯಿರಿ. ಪಾದರಸವಿದ್ದ ಹಳೆಯ ಪ್ರೈಮರಿನಿಂದ ಹಾರಿದ ಹಿತ್ತಾಳೆ ಒಳಗಿನಿಂದ ಪೆಡಸಾಗಿರುವುದರಿಂದ ಅದನ್ನು ಮರುತುಂಬಲು ಬಳಸಬಾರದು, ಹಾಗಾಗಿ ಅದರ ಬೆಲೆ ಸೊನ್ನೆ. ಉಕ್ಕಿನದರಲ್ಲಿ ಕಳೆಯಲು ಏನೂ ಇಲ್ಲ, ಬೆಲೆ ಮೊದಲೇ ಅಷ್ಟು ಕಡಿಮೆ ಇರಬೇಕು.

ಮಾದರಿ ತರಿಸಿ ಪರೀಕ್ಷಿಸುವುದು

ಇಡೀ ಪೆಟ್ಟಿಗೆಗೆ ಹಣ ಕೊಡುವ ಮೊದಲು ಅದೇ ಲಾಟಿನ ಐವತ್ತು ಅಥವಾ ನೂರು ಗುಂಡು ಕೊಳ್ಳಿ, ಉಳಿದದ್ದನ್ನು ಕೆಲವು ದಿನ ನಿಮಗಾಗಿ ತೆಗೆದಿಡಲು ಮಾರಾಟಗಾರರನ್ನು ಕೇಳಿಕೊಳ್ಳಿ. ಮಾದರಿಯನ್ನು ಬಿಳಿ ಬಟ್ಟೆಯ ಮೇಲೆ ಹರಡಿ, ಒಳ್ಳೆಯ ಬೆಳಕಿನಲ್ಲಿ ಒಂದೊಂದನ್ನೇ ತಿರುಗಿಸಿ ನೋಡಿ. ಹಿತ್ತಾಳೆಯ ಬಣ್ಣ ಮಾಸಿ ಕಂದಾಗಿರುವುದು ವಯಸ್ಸಿನ ಗುರುತು, ಅದರಿಂದ ಹಾನಿಯಿಲ್ಲ. ಹಸಿರು ಕಿಲುಬು ಬಟ್ಟೆಯಿಂದ ಒರೆಸಿದಾಗ ಹೋದರೆ ಕೆಳಗಿನ ಲೋಹವನ್ನು ನೋಡಿ. ಅಲ್ಲಿ ಗುಳಿ ಬಿದ್ದಿದ್ದರೆ ಆ ಗುಂಡನ್ನು ತೆಗೆದಿಡಿ. ಉಕ್ಕಿನಲ್ಲಿ ಮೆರುಗೆಣ್ಣೆ ಎದ್ದ ಕಡೆ ತುಕ್ಕಿನ ಚುಕ್ಕೆ ಇರುತ್ತದೆ, ಅದೂ ಆಳವಾಗಿದ್ದರೆ ಬೇಡ. ಪ್ರೈಮರ್ ತಳದ ಮಟ್ಟಕ್ಕಿಂತ ಮೇಲೆ ಎದ್ದಿದ್ದರೆ ಅಪಾಯ. ಗುಂಡು ಬೆರಳಿನ ಒತ್ತಡಕ್ಕೆ ಅಲುಗಾಡಿದರೆ ಅಪಾಯ. ಕ್ಯಾಲಿಪರ್ ಇದ್ದರೆ ಒಟ್ಟು ಉದ್ದ ಅಳೆಯಿರಿ: 9×19ಕ್ಕೆ ಗರಿಷ್ಠ 29.69 ಮಿ.ಮೀ., ಮತ್ತು ಲಾಟಿನ ಉಳಿದವಕ್ಕಿಂತ ಒಂದು ಎದ್ದು ಕಾಣುವಷ್ಟು ಗಿಡ್ಡವಾಗಿದ್ದರೆ ಗುಂಡು ಒಳಕ್ಕೆ ಜಾರಿದೆ ಎಂದರ್ಥ. ಒಳಗಿನ ಜಾಗ ಕಡಿಮೆಯಾದಷ್ಟೂ ಒತ್ತಡ ಏರುತ್ತದೆ, ಪಿಸ್ತೂಲಿನ ಸಣ್ಣ ಕೇಸಿನಲ್ಲಿ ಅದು ಬಹಳ ಬೇಗ ಏರುತ್ತದೆ.

ಮರುತುಂಬುವ ಸಲಕರಣೆ ಇರುವ ಅನುಭವಿಗಳ ನೆರವು ಸಿಕ್ಕರೆ ಎರಡು ಮೂರು ಗುಂಡುಗಳನ್ನು ಬಿಚ್ಚಿಸಿ ಮದ್ದನ್ನು ನೋಡುವುದು ಎಲ್ಲಕ್ಕಿಂತ ಖಚಿತ ಪರೀಕ್ಷೆ. ಆರೋಗ್ಯವಾದ ಹೊಗೆರಹಿತ ಮದ್ದು ಬಿಡಿಬಿಡಿಯಾಗಿ ಸುರಿಯುತ್ತದೆ, ತುಸು ಸಿಹಿಯಾದ ದ್ರಾವಣದ ವಾಸನೆ ಇರುತ್ತದೆ. ಕೆಟ್ಟದ್ದು ಹುಳಿ ಕಟುವಾಸನೆ ಹೊಡೆಯುತ್ತದೆ, ಮುದ್ದೆ ಕಟ್ಟಿರುತ್ತದೆ, ಕಂದುಗೆಂಪು ಪುಡಿ ಬೆರೆತಿರುತ್ತದೆ, ಕೇಸಿನ ಒಳಗೋಡೆ ಹಸಿರುಗಟ್ಟಿರುತ್ತದೆ. ಮದ್ದಿನ ನೈಟ್ರೋಸೆಲ್ಯುಲೋಸ್ ಒಡೆಯುತ್ತ ಆಮ್ಲ ಬಿಡುತ್ತದೆ, ಅದನ್ನು ಹೀರಲು ಬೆರೆಸಿದ ಸ್ಥಿರಕಾರಿ ಮುಗಿದಿದೆ, ಇನ್ನು ಆ ಲಾಟ್ ದಿನೇ ದಿನೇ ಕೆಡುತ್ತಲೇ ಹೋಗುತ್ತದೆ. ಇಂಥ ಲಾಟಿಗೆ ಯಾವ ಬೆಲೆಯೂ ಕಡಿಮೆಯಲ್ಲ, ಕೊಳ್ಳಬಾರದು.

ರೇಂಜಿನಲ್ಲಿ ಕಣ್ಣಿಗೆ ಕಿವಿಗೆ ರಕ್ಷಣೆ ಧರಿಸಿ, ಮೊದಲ ಹಲವು ಸುತ್ತುಗಳಲ್ಲಿ ಮ್ಯಾಗಜಿನ್ನಿಗೆ ಒಂದೊಂದೇ ಗುಂಡು ಹಾಕಿ. ಟ್ರಿಗರ್ ಎಳೆದು ಸಿಡಿಯದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಿರಿ. ಹಳೆಯ ಪ್ರೈಮರ್ ತಡವಾಗಿ ಉರಿಯುವುದುಂಟು, ಆ ನಡುವೆ ಸ್ಲೈಡ್ ತೆರೆದರೆ ಕೈಯ ಬಳಿಯೇ ಕೇಸ್ ಸಿಡಿಯುತ್ತದೆ. ಸದ್ದು ಎಂದಿಗಿಂತ ಕಡಿಮೆ ಕೇಳಿಸಿದರೆ, ಹಿಂದೊದೆತ ಪೇಲವವಾಗಿದ್ದರೆ, ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು, ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಪಿಸ್ತೂಲನ್ನು ಪೂರ್ತಿ ಖಾಲಿ ಮಾಡಿ, ನಳಿಗೆಯನ್ನು ಬಿಚ್ಚಿ, ಬೆಳಕು ಆಚೆ ಕಾಣುತ್ತದೆಯೇ ನೋಡದೆ ಮುಂದುವರಿಯಬಾರದು.

ಹಾರಿದ ಕೇಸ್‌ಗಳನ್ನು ಹೆಕ್ಕಿ ನೋಡಿ. ಪ್ರೈಮರ್ ಚಪ್ಪಟೆಯಾಗಿ ಅಂಚಿನವರೆಗೆ ಹರಡಿದ್ದರೆ, ಬುಡ ಉಬ್ಬಿದ್ದರೆ, ಒತ್ತಡ ಹೆಚ್ಚಿದೆ. ಬಾಯಿಯಲ್ಲಿ ಒಂದೆರಡು ಸೀಳು ಹಳೆಯ ಹಿತ್ತಾಳೆಯಲ್ಲಿ ಕಾಣಬಹುದು, ಆದರೆ ಐವತ್ತರಲ್ಲಿ ನಾಲ್ಕೈದು ಸೀಳಿದ್ದರೆ ಲಾಟನ್ನು ಬಿಟ್ಟುಬಿಡಿ. ಇಂಥ ಯಾವುದೂ ಇಲ್ಲದೆ, ಎಲ್ಲವೂ ಮೊದಲ ಏಟಿಗೆ ಹಾರಿ, ಕೇಸ್‌ಗಳು ಹೆಚ್ಚುಕಡಿಮೆ ಒಂದೇ ಕಡೆ ಬಿದ್ದಿದ್ದರೆ ತಡಮಾಡದೆ ಆ ಲಾಟಿನ ಉಳಿದ ಮಾಲು ಕೊಳ್ಳಿ. ಒಳ್ಳೆಯ ಲಾಟ್ ಮುಗಿದ ಮೇಲೆ ಮತ್ತೆ ಸಿಗುವುದಿಲ್ಲ. ಏನೇ ಆದರೂ ಆತ್ಮರಕ್ಷಣೆಗೆ ಇಡುವ ಗುಂಡನ್ನು ಸರ್‌ಪ್ಲಸ್ಸಿನಿಂದ ಆರಿಸಬೇಡಿ, ಅದಕ್ಕೆ ಹೊಸ ಕಾರ್ಖಾನೆ ಮಾಲೇ ಸರಿ.

ಮನೆಗೆ ತಂದ ಮೇಲೆ

ಮೊಹರಿನ ಡಬ್ಬಿಯನ್ನು ಬೇಕಾದಾಗಲೇ ತೆರೆಯಿರಿ, ಒಮ್ಮೆಗೆ ಒಂದನ್ನು ಮಾತ್ರ. ತೆರೆದ ಮೇಲೆ ರಬ್ಬರ್ ಅಂಚಿನ ಲೋಹದ ಪೆಟ್ಟಿಗೆಗೆ, ತೇವ ಹೀರುವ ಸಿಲಿಕಾ ಜೆಲ್ ಚೀಲದೊಂದಿಗೆ ವರ್ಗಾಯಿಸಿ, ಡಬ್ಬಿಯ ಬರಹದ ಫೋಟೊದ ಒಂದು ಪ್ರತಿಯನ್ನು ಒಳಗೆ ಹಾಕಿ. ಬೀಗ ಹಾಕಿದ, ಮಕ್ಕಳ ಕೈಗೆ ಸಿಗದ, ತಂಪಾದ ಒಣ ಜಾಗ ಬೇಕು. ಬಿಸಿಲಲ್ಲಿ ನಿಂತ ವಾಹನ, ಮಾಡಿನ ಕೆಳಗಿನ ಅಟ್ಟ, ಫಿನಾಯಿಲ್ ಅಮೋನಿಯಾದಂಥ ಶುಚಿ ದ್ರಾವಣಗಳಿರುವ ಕಪಾಟು ಇವು ಬೇಡ. ಗುಂಡಿಗೆ ಎಣ್ಣೆ ಸವರಬಾರದು; ತೆಳು ಎಣ್ಣೆ ಸಂದುಗಳಲ್ಲಿ ಇಳಿದು ಪ್ರೈಮರನ್ನು ಕೆಡಿಸುತ್ತದೆ, ಎಣ್ಣೆ ಹತ್ತಿದ ಕೇಸ್ ಚೇಂಬರಿಗೆ ಅಂಟದೆ ಹಿಂದಕ್ಕೆ ಹೆಚ್ಚು ಬಲವಾಗಿ ತಳ್ಳುತ್ತದೆ. ಬೇರೆ ಬೇರೆ ಲಾಟ್‌ಗಳನ್ನು ಜಾಗ ಉಳಿಸಲೆಂದು ಒಂದೇ ಪೆಟ್ಟಿಗೆಗೆ ಸುರಿಯಬೇಡಿ.

ಪರೀಕ್ಷೆಯಲ್ಲಿ ತೆಗೆದಿಟ್ಟ ಕೆಟ್ಟ ಗುಂಡುಗಳನ್ನು, ಏಟು ಬಿದ್ದೂ ಹಾರದವನ್ನು, ಬೇರೆ ಡಬ್ಬದಲ್ಲಿ ‘ಕೆಟ್ಟದ್ದು’ ಎಂದು ಬರೆದಿಡಿ. ಅವನ್ನು ಕಸಕ್ಕೆ ಎಸೆಯುವುದು, ಹೂಳುವುದು, ಕೆರೆಗೆ ಹಾಕುವುದು, ಸುಡುವುದು ಯಾವುದೂ ಸಲ್ಲದು. ಹೆಚ್ಚಿನ ರೇಂಜ್‌ಗಳಲ್ಲಿ ಇದಕ್ಕೆಂದೇ ಒಂದು ಪೆಟ್ಟಿಗೆ ಇರುತ್ತದೆ; ಇಲ್ಲದಿದ್ದರೆ ಮೊದಲು ಫೋನ್ ಮಾಡಿ ತಿಳಿಸಿ, ಪರವಾನಗಿ ಪತ್ರದೊಂದಿಗೆ ಪೊಲೀಸ್ ಠಾಣೆಗೆ ಅಥವಾ ಪರವಾನಗಿ ಹೊಂದಿದ ಮಾರಾಟಗಾರರಿಗೆ ಒಪ್ಪಿಸಿ, ಒಪ್ಪಿಸಿದ ಸಂಖ್ಯೆಗೆ ರಸೀದಿ ಪಡೆದುಕೊಳ್ಳಿ.